ಒಗೆದರೂ ಹೋಗದ ರಾಮನಾಮ: ಅಚ್ಚಿನ ಶಲ್ಯದಲ್ಲಿ ನನ್ನ ಅನುಭವ

ಕೊನೆಗೂ ಆಯ್ತು. ಹೋದ ಹನುಮಮಾಲೆಗೆ ನಾನು ಕೊಟ್ಟಿದ್ದ ಶಲ್ಯವನ್ನು ಒಬ್ಬ ಭಕ್ತರು ಮೊನ್ನೆ ತಂದು ತೋರಿಸಿದರು. ವರ್ಷಪೂರ್ತಿ ಮಡಿಗೆ ಹಿಂಡಿ ಹಾಕಿದ ಬಟ್ಟೆ. ಮೆತ್ತಗಾಗಿದೆ, ಅಂಚು ಒಂಚೂರು ಬಿಚ್ಚಿದೆ. ‘ಶ್ರೀರಾಮ’ ಮಾತ್ರ ಹಾಗೇ ಕಪ್ಪಗಿದೆ. ಕಸಿಮಿಯಲ್ಲಿ, ಅಂದರೆ ಕಬ್ಬಿಣ ಬೆಲ್ಲ ಕೊಳೆಸಿ ಮಾಡುವ ಕಪ್ಪು ಬಣ್ಣದಲ್ಲಿ, ಕನ್ನಡ ಅಕ್ಷರ ನಿಲ್ಲಲ್ಲ ಎಂದವರು ಬಹಳ ಜನ. ಅವರೆಲ್ಲ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನಾನು ಗಂಗಾವತಿ ಕಡೆಯವನು. ಅಂಜನಾದ್ರಿಗೆ ಬರುವವರಿಗಾಗಿ ಮೊದಲು ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಶಲ್ಯ ಹೊಡೆಯುತ್ತಿದ್ದೆ. ಪಿಗ್ಮೆಂಟು, ಅದನ್ನು ಬಟ್ಟೆಗೆ ಅಂಟಿಸುವ ಬೈಂಡರು, ಮೇಲೆ ಇಸ್ತ್ರಿ. ಆದರೆ 575 ಮೆಟ್ಟಿಲು ಹತ್ತಿ ಬೆವರುವ, ದಿನಾ ಒಗೆಯುವ ಬಟ್ಟೆ ಅದು. ಇಪ್ಪತ್ತು ಮೂವತ್ತು ಒಗೆತಕ್ಕೆ ಅಕ್ಷರ ಬಿರಿದು ಉದುರುತ್ತಿತ್ತು. ಬಚ್ಚಲಲ್ಲಿ ಆ ಚೂರು ಹರಿದುಹೋಗುವುದನ್ನು ಅಮ್ಮ ಒಮ್ಮೆ ನೋಡಿ, ‘ದೇವರ ಹೆಸರು ಹಿಂಗ ಕಾಲ್ಕೆಳಗ ಹೋಗೋದಾದ್ರ ಈ ದುಡ್ಡು ಬ್ಯಾಡಪ್ಪ’ ಅಂದಳು. ಅವತ್ತೇ ಸ್ಕ್ರೀನ್ ಬಿಟ್ಟೆ.

ಮರದ ಅಚ್ಚಿಗೆ ಆಂಧ್ರದ ಮಚಲೀಪಟ್ಟಣದ ಹತ್ತಿರದ ಪೆಡನಕ್ಕೆ ಹೋದೆ. ಎಷ್ಟು ಸಣ್ಣ ಬಳ್ಳಿ ಬೇಕಾದರೂ ಕೆತ್ತುತ್ತೇವೆ, ಅಕ್ಷರದ ಸಹವಾಸ ಬೇಡ ಎಂದರು. ಹಟ ಮಾಡಿ ಕೆತ್ತಿಸಿದೆ. ತೇಗದ ಅಚ್ಚು, ಒಂದಕ್ಕೆ ಮೂರು ಸಾವಿರದ ಹತ್ತಿರ. ಮೊದಲಿನ ಎರಡೂ ದಂಡ. ಶ್ರೀಯ ತಲೆ ಮೇಲಿನ ಗುಡಿಸು, ಮ ಅಕ್ಷರದ ಸುಳಿ, ನಾಲ್ಕು ಒತ್ತಿಗೆ ಮುಚ್ಚಿಕೊಂಡು ಬರೀ ಕಪ್ಪು ಚುಕ್ಕೆ. ಮೂರನೆಯದಕ್ಕೆ ಅಕ್ಷರ ನಾನೇ ಬರೆದೆ. ಪ್ರತಿ ಸುಳಿಯನ್ನೂ ಒಂದೂವರೆ ಪಟ್ಟು ಅಗಲಿಸಿದೆ, ಕೆತ್ತನೆಯ ಆಳವನ್ನೂ ಜಾಸ್ತಿ ಮಾಡಿಸಿದೆ. ಕಾಗದದ ಮೇಲೆ ಆ ಅಕ್ಷರ ಚಂದ ಕಾಣುವುದಿಲ್ಲ. ಬಟ್ಟೆ ಮೇಲೆ ಮುತ್ತು.

ಇನ್ನು ಕಸಿಮಿ. ತುಕ್ಕು ಕಬ್ಬಿಣ, ಬೆಲ್ಲ, ನೀರು, ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ನನಗೆ ಹದಿನೈದು ದಿನ, ಚಳಿಗಾಲದಲ್ಲಿ ಇಪ್ಪತ್ತೈದು ಬೇಕು. ಕಪ್ಪು ಗಾಢವಾಗಲಿ ಅಂತ ಮೊದಲ ವರ್ಷ ಕಬ್ಬಿಣ ಜಾಸ್ತಿ ಹಾಕಿದೆ. ಕಾಡಿಗೆಯಂಥ ಕಪ್ಪು ಬಂತು. ಮೂರು ತಿಂಗಳಿಗೆ ಒಂದು ಶಲ್ಯ ವಾಪಸ್ ಬಂತು. ಬೆಳಕಿಗೆ ಹಿಡಿದೆ. ಸುತ್ತ ಬಟ್ಟೆ ಗಟ್ಟಿ, ಅಕ್ಷರ ಇದ್ದ ಜಾಗದಲ್ಲಿ ಅಕ್ಷರದ್ದೇ ಆಕಾರದ ತೂತು. ಕಬ್ಬಿಣ ನೂಲನ್ನೇ ತಿಂದುಹಾಕಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರಿದ್ದರಲ್ಲಿ ಸಿಕ್ಕಷ್ಟನ್ನೂ ವಾಪಸ್ ತಗೊಂಡು ದುಡ್ಡು ಕೊಟ್ಟೆ. ಹೆಚ್ಚುಕಮ್ಮಿ ಹದಿನಾಲ್ಕು ಸಾವಿರ ಹೋಯಿತು.

ಈಗ ಕಸಿಮಿ ತೆಳ್ಳಗೆ, ಒತ್ತುವ ಮೊದಲು ಬಟ್ಟೆ ಅದ್ದುವ ಅಳಲೆಕಾಯಿ ನೀರು ಗಟ್ಟಿ. ಕಪ್ಪನ್ನು ಅಳಲೆಯ ಒಗರಿನಿಂದ ಎಳೆಯಬೇಕು, ಕಬ್ಬಿಣದಿಂದಲ್ಲ. ಅಳಲೆ ಜೊತೆ ಎಮ್ಮೆ ಹಾಲು ಹಾಕುವುದನ್ನು ತಪ್ಪಿಸಬೇಡಿ. ದುಡ್ಡು ಉಳಿಸೋಣ ಅಂತ ಪ್ಯಾಕೆಟ್ ಹಾಲು ಹಾಕಿ ನೋಡಿದೆ, ಗೆರೆಗೆ ಮೀಸೆ ಬಂತು. ಜಿಡ್ಡಿದ್ದರೇ ಬಣ್ಣ ಹರಡುವುದಿಲ್ಲ. ಬಣ್ಣ ಮಂದವಾಗಲು ಹಾಕುವ ಜಾಲಿ ಅಂಟಿನ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ, ಅಡುಗೆಮನೆಯಲ್ಲೇ ಸಿಗುವಂಥದ್ದು. ಅದು ನನ್ನ ಹತ್ತಿರವೇ ಇರಲಿ, ನಾಲ್ಕು ವರ್ಷದ ದುಡಿಮೆ ಅದು.

ಕೆಂಪು ಬರಬೇಕಾದ ಶಂಖ ಚಕ್ರಕ್ಕೆ ಬಣ್ಣ ಹಿಡಿಸುವ ಪಟಿಕ ಒತ್ತಿ, ಮೂರು ದಿನ ಬಿಟ್ಟು, ಕಾಲುವೆಯ ಹರಿಯುವ ನೀರಿನಲ್ಲೇ ಜಾಲಿಸುತ್ತೇನೆ. ನಿಂತ ನೀರಲ್ಲಿ ಬಿಟ್ಟುಕೊಂಡ ಪಟಿಕ ಬಟ್ಟೆಗೆಲ್ಲ ಅಂಟಿ, ಆಮೇಲೆ ಕೆಂಪು ಕೊಡುವ ಮಂಜಿಷ್ಠ ಬೇರಿನ ಜೊತೆ ಕುದಿಸಿದಾಗ ಬಿಳಿ ಜಾಗವೂ ಕೆಂಪಾಗುತ್ತದೆ. ಒಂದು ಬೇಸಿಗೆ ಕಾಲುವೆ ಬಂದ್ ಆಗಿತ್ತು. ಬೋರಿನ ನೀರಲ್ಲೇ ಮಂಜಿಷ್ಠ ಕುದಿಸಿದೆ. ಕೆಂಪು ಬರಬೇಕಾದಲ್ಲಿ ಬದನೆಕಾಯಿ ಬಣ್ಣ! ನಮ್ಮ ಬೋರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ನಲವತ್ತು ಮೀಟರ್ ಮಲ್ಮಲ್ ಬಟ್ಟೆ ಹೋಯಿತು. ಈಗ ಮಳೆನೀರು ತುಂಬಿಟ್ಟುಕೊಂಡು ಅದರಲ್ಲೇ ಕುದಿಸುತ್ತೇನೆ.

ಮಧ್ಯೆ ಹಳದಿಯ ಆಸೆ ಹುಟ್ಟಿತು. ಅರಿಶಿನದಲ್ಲಿ ಅದ್ದಿದೆ, ನೋಡಲು ಬಲು ಚಂದ. ಸೋಪು ತಾಕಿದ್ದೇ ತಡ, ಅಲ್ಲಲ್ಲಿ ಕುಂಕುಮದ ಕಲೆ. ಬಿಸಿಲಿಗೂ ನಿಲ್ಲಲಿಲ್ಲ. ದಾಳಿಂಬೆ ಸಿಪ್ಪೆ ನಿಂತಿತು. ಜ್ಯೂಸ್ ಅಂಗಡಿಯವರು ಸಿಪ್ಪೆ ಸುಮ್ನೆ ಕೊಡುತ್ತಾರೆ. ಹಳದಿ ಸ್ವಲ್ಪ ಮಂಕು, ಆದರೆ ನಂಬಬಹುದು.

ಇನ್ನೊಂದು ಮಾತು. ಹದ ನೋಡುವಾಗ ನಾಮದ ಅಚ್ಚು ಮುಟ್ಟಬೇಡಿ. ನಾನು ಬಳ್ಳಿಯ ಅಚ್ಚಿನಲ್ಲೇ ನೋಡುತ್ತೇನೆ. ಕೆಟ್ಟ ತುಂಡನ್ನು ನೆಲ ಒರೆಸಲು ಹಾಕಲಾಗುತ್ತದಾ, ಹೇಳಿ? ನಾಮ ಬಿದ್ದು ಕೆಟ್ಟದ್ದೆಲ್ಲ ಒಂದು ಟ್ರಂಕಿನಲ್ಲಿ ಮಡಿಸಿಟ್ಟಿದ್ದೇನೆ. ಅಂಚಿನ ಕೆಳಗಿನ ಒಂದು ಗೇಣಿನಲ್ಲೂ ಅಕ್ಷರ ಒತ್ತುವುದಿಲ್ಲ, ಕೂತಾಗ ನೆಲಕ್ಕೆ ತಾಕುತ್ತದೆ.

ಲೆಕ್ಕ ಕೇಳುತ್ತೀರಿ, ಗೊತ್ತು. ಎಲ್ಲ ಸೇರಿ ಐವತ್ತು ಸಾವಿರ ಕಳೆದಿರಬೇಕು. ಈಗ ಒಂದು ಶಲ್ಯಕ್ಕೆ ಕೂಲಿ ಸೇರಿ ಇನ್ನೂರ ಐವತ್ತು ಬೀಳುತ್ತದೆ, ನಾನೂರ ಐವತ್ತಕ್ಕೆ ಕೊಡುತ್ತೇನೆ. ಪಕ್ಕದ ಅಂಗಡಿಯಲ್ಲಿ ಪಾಲಿಸ್ಟರಿನದು ನೂರು ರೂಪಾಯಿ. ಈ ರೇಟಿಗೆ ಯಾರೂ ತಗೊಳ್ಳಲ್ಲ ಅಂತ ಭಾವ ಹೇಳಿದ್ದ. ಹೋದ ಮಾಲೆಗೆ ಇನ್ನೂರು ತೆಗೆದುಕೊಂಡು ಹೋಗಿದ್ದೆ, ಐದನೇ ದಿನಕ್ಕೆ ಖಾಲಿ. ಈಗ ಭಾವನೇ ಅಳಲೆಕಾಯಿ ಕುಟ್ಟಿಕೊಡುತ್ತಾನೆ.

ಗದೆಯ ಅಚ್ಚು ಪೆಡನದಿಂದ ಮುಂದಿನ ವಾರ ಬರುತ್ತದೆ. ಕಾಲುವೆಗೆ ನೀರು ಬಿಟ್ಟ ಕೂಡಲೇ ನೂರು ಮೀಟರ್ ಹಾಕುತ್ತೇನೆ.