ವಾಸ್ತುಶಿಲ್ಪ ಪದವಿಯ ಅಭಿರುಚಿ ಪರೀಕ್ಷೆಗೆ ಸಿದ್ಧತೆ: ವಿಜಯಪುರ, ಬಾಗಲಕೋಟೆ, ಬೆಳಗಾವಿಯ ವಿದ್ಯಾರ್ಥಿಗಳಿಗೆ

ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದು ಮುಂದೆ ಬಿ.ಆರ್ಕ್ ಸೇರಬೇಕೆಂದಿರುವ ವಿದ್ಯಾರ್ಥಿಗಳು ಮತ್ತು ಅವರ ಪಾಲಕರು ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಎಂಜಿನಿಯರಿಂಗ್ ಸೀಟು ಕೊಡಿಸುವ ಸಿಇಟಿ ರ‍್ಯಾಂಕ್ ಈ ಐದು ವರ್ಷಗಳ ಪದವಿಗೆ ನಡೆಯುವುದಿಲ್ಲ. ಇದಕ್ಕೆ ಪ್ರತ್ಯೇಕವಾದ ಅಭಿರುಚಿ ಪರೀಕ್ಷೆಯನ್ನು ಬರೆಯಬೇಕು. ವಾಸ್ತುಶಿಲ್ಪ ಪರಿಷತ್ತು 2006ರಿಂದ ನಡೆಸುತ್ತಿರುವ ನಾಟಾ ಪರೀಕ್ಷೆ ಅಂಥದ್ದು. ನಾಟಾ ಅಂಕಗಳಿಗೂ ಪಿಯುಸಿ ಅಂಕಗಳಿಗೂ ಸಮಾನ ಪ್ರಾಶಸ್ತ್ಯ ಕೊಟ್ಟು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರಾಜ್ಯದ ಕಾಲೇಜುಗಳಿಗೆ ಬೇಕಾದ ರ‍್ಯಾಂಕ್ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಎನ್‌ಐಟಿಗಳು ಮತ್ತು ದೆಹಲಿ, ಭೋಪಾಲ್, ವಿಜಯವಾಡಗಳಲ್ಲಿರುವ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳಿಗೆ ಜೆಇಇ ಮೇನ್‌ನ ಎರಡನೆಯ ಪತ್ರಿಕೆಯನ್ನು ಬರೆಯಬೇಕಾಗುತ್ತದೆ. ಆ ಪತ್ರಿಕೆ 400 ಅಂಕಗಳದ್ದಾಗಿದ್ದು ಗಣಿತಕ್ಕೆ 100, ಅಭಿರುಚಿಗೆ 200, ಚಿತ್ರರಚನೆಗೆ 100 ಅಂಕಗಳಿವೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ನಾಟಾ ಬರೆಯುವವರು ಮಾತ್ರ ಇಂಗ್ಲಿಷ್ ಪ್ರಶ್ನೆಗಳನ್ನು ಓದಿ ತಕ್ಷಣ ಗ್ರಹಿಸುವಷ್ಟು ಅಭ್ಯಾಸ ಮಾಡಿಕೊಂಡಿರಬೇಕು.

ಇತ್ತೀಚಿನ ವರ್ಷಗಳಲ್ಲಿ ನಾಟಾ 200 ಅಂಕಗಳ, ಮೂರು ಗಂಟೆಗಳ ಪರೀಕ್ಷೆಯಾಗಿದೆ. ಮೊದಲ ಭಾಗದಲ್ಲಿ ಕೈಯಿಂದ ಮಾಡುವ ಮೂರು ಕೆಲಸಗಳಿರುತ್ತವೆ. ಬಣ್ಣದ ಸಂಯೋಜನೆಗೆ 25 ಅಂಕ, ಕಪ್ಪುಬಿಳುಪಿನ ರೇಖಾಚಿತ್ರಕ್ಕೆ 25 ಅಂಕ, ಅಲ್ಲಿಯೇ ಕೊಡುವ ಸಾಮಗ್ರಿಯಿಂದ ಮೂರು ಆಯಾಮದ ಮಾದರಿ ಕಟ್ಟುವುದಕ್ಕೆ 30 ಅಂಕ, ಹೀಗೆ ಒಟ್ಟು 80. ಉಳಿದ 120 ಅಂಕಗಳು ಕಂಪ್ಯೂಟರ್ ಮುಂದೆ ಉತ್ತರಿಸುವ ತಾರ್ಕಿಕ ಹಾಗೂ ದೃಶ್ಯಗ್ರಹಣದ ಪ್ರಶ್ನೆಗಳಿಗೆ ಮೀಸಲು. ಪರೀಕ್ಷೆಯ ಈ ಸ್ವರೂಪ ಹಲವು ಸಲ ಬದಲಾಗಿದೆ. ಆದ್ದರಿಂದ ಹಳೆಯ ಮಾರ್ಗದರ್ಶಿಗಳನ್ನು ನೆಚ್ಚಿಕೊಳ್ಳದೆ ನೀವು ಬರೆಯುವ ವರ್ಷದ ಮಾಹಿತಿ ಪುಸ್ತಿಕೆಯನ್ನು ಪರಿಷತ್ತಿನ ಜಾಲತಾಣದಿಂದ ಇಳಿಸಿಕೊಂಡು ಪೂರ್ತಿ ಓದಿರಿ.

ನಮ್ಮ ಭಾಗದ ಅನೇಕ ಪಾಲಕರು ಈ ಪರೀಕ್ಷೆಗೆಂದು ಮಕ್ಕಳನ್ನು ಬೆಂಗಳೂರು ಇಲ್ಲವೆ ಪುಣೆಯ ತರಬೇತಿ ಕೇಂದ್ರಗಳಿಗೆ ಕಳುಹಿಸಲು ಸಾಲ ಮಾಡುವುದುಂಟು. ತರಬೇತಿಯಿಂದ ಪ್ರಶ್ನೆಗಳ ಪರಿಚಯವಾಗುತ್ತದೆ ಎಂಬುದನ್ನು ಒಪ್ಪೋಣ. ಆದರೆ ಪರೀಕ್ಷೆಯು ಅಳೆಯುವುದು ಕಟ್ಟಡವನ್ನು, ವಸ್ತುವನ್ನು, ಜಾಗವನ್ನು ನೋಡಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು. ಆ ಶಕ್ತಿಯನ್ನು ಬೆಳೆಸಿಕೊಳ್ಳಲು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಿಗಿಂತ ಉತ್ತಮವಾದ ಪಾಠಶಾಲೆ ದೇಶದಲ್ಲಿ ಹೆಚ್ಚು ಕಡೆ ಸಿಗಲಾರದು ಎಂಬುದು ನನ್ನ ದೃಢವಾದ ನಂಬಿಕೆ.

ಗೋಳಗುಮ್ಮಟದಿಂದಲೇ ಆರಂಭಿಸಿರಿ. 1656ರಲ್ಲಿ ಪೂರ್ಣಗೊಂಡ, ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯಲ್ಲಿ ಕೆಳಗೆ ಚೌಕಾಕಾರದ ಕೋಣೆಯಿದೆ, ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವಿದೆ. ಚೌಕದ ಮೇಲೆ ವೃತ್ತ ಹೇಗೆ ಕುಳಿತಿದೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಒಳಗೆ ನಿಂತು ಮೇಲೆ ನೋಡಿದರೆ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಕಾಣುತ್ತವೆ. ಮನೆಗೆ ಬಂದು ಒಂದು ಚೌಕವನ್ನು ಬರೆದು, ಅದರೊಳಗೆ ಎರಡು ಚಿಕ್ಕ ಚೌಕಗಳನ್ನು ಒಂದನ್ನು ಬಲಕ್ಕೆ ಮತ್ತೊಂದನ್ನು ಎಡಕ್ಕೆ ಸಮಪ್ರಮಾಣದಲ್ಲಿ ತಿರುಗಿಸಿ, ಅವುಗಳ ಮೂಲೆಗಳು ಗೋಡೆಗಳಿಗೆ ತಾಗುವಂತೆ ಎಳೆಯಿರಿ. ನಡುವೆ ಅಷ್ಟಕೋನವೊಂದು ಮೂಡುತ್ತದೆ, ಅದರೊಳಗೆ ವೃತ್ತ ಸಹಜವಾಗಿ ಹೊಂದಿಕೊಳ್ಳುತ್ತದೆ. ಇದು ಪ್ಲಾನ್, ಅಂದರೆ ಮೇಲಿನಿಂದ ನೋಡಿದಂತೆ ಬರೆದ ನಕ್ಷೆ. ಇದೇ ಕಟ್ಟಡವನ್ನು ನಡುವೆ ಸೀಳಿದರೆ ಹೇಗೆ ಕಾಣುತ್ತದೆ ಎಂದು ಊಹಿಸಿ ಬರೆದದ್ದು ಸೆಕ್ಷನ್. ನೆಲದಿಂದ ನೇರವಾಗಿ ಕಾಣುವ ಮುಖ ಎಲಿವೇಶನ್. ಪರೀಕ್ಷೆಯಲ್ಲಿ ಘನವಸ್ತುವೊಂದನ್ನು ಕೊಟ್ಟು ಅದರ ಮೇಲ್ನೋಟವನ್ನೋ ಪಕ್ಕದ ನೋಟವನ್ನೋ ಗುರುತಿಸಲು ಕೇಳುವ ಪ್ರಶ್ನೆಗಳು ಈ ಮೂರು ನೋಟಗಳ ನಡುವೆ ಮನಸ್ಸು ಸಲೀಸಾಗಿ ಓಡಾಡಬಲ್ಲದೇ ಎಂಬುದನ್ನೇ ಪರೀಕ್ಷಿಸುತ್ತವೆ. ಒಂದು ನಿಜವಾದ ಕಟ್ಟಡವನ್ನು ಹೀಗೆ ಬಿಡಿಸಿ ನೋಡಿದವರಿಗೆ ಪುಸ್ತಕದ ಘನಾಕೃತಿಗಳು ತೊಡಕೆನಿಸುವುದಿಲ್ಲ.

ಬಾರಾ ಕಮಾನಿನಲ್ಲಿ ಕಲಿಯಬೇಕಾದದ್ದು ಬೇರೆ. ಎರಡನೆಯ ಅಲಿ ಆದಿಲ್ ಶಾಹನ ಆ ಸಮಾಧಿ ಮುಗಿಯಲಿಲ್ಲ, ಆದ್ದರಿಂದ ಅಲ್ಲಿ ಉಳಿದಿರುವುದು ಆಕಾಶದ ಎದುರು ನಿಂತ ಕಮಾನುಗಳ ಸಾಲುಗಳು. ಅಲ್ಲಿ ಕಲ್ಲನ್ನು ಬರೆಯದೆ ಕಮಾನುಗಳ ನಡುವಿನ ಖಾಲಿ ಜಾಗದ ಆಕಾರಗಳನ್ನು ಮಾತ್ರ ಬರೆಯಿರಿ. ಖಾಲಿ ಆಕಾರಗಳು ಸರಿಯಾದರೆ ಕಲ್ಲಿನ ಆಕಾರ ತಾನಾಗಿಯೇ ಸರಿಯಾಗಿರುತ್ತದೆ. ಇಬ್ರಾಹಿಂ ರೋಜಾದಲ್ಲಿ ಒಂದೇ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ಅವು ಒಂದೇ ತೆರನಾಗಿಲ್ಲ, ಆದರೂ ಒಂದನ್ನೊಂದು ತೂಗುತ್ತವೆ. ಸಂಯೋಜನೆಯ ಪ್ರಶ್ನೆಗೆ ಉತ್ತರಿಸುವಾಗ ಕಾಗದದ ಎರಡೂ ಬದಿಗೆ ಒಂದೇ ಬಗೆಯ ಆಕೃತಿಗಳನ್ನಿಟ್ಟು ಸಮತೋಲನ ಸಾಧಿಸಲು ಹೋಗುವ ವಿದ್ಯಾರ್ಥಿಗಳು ಈ ಜೋಡಿಯನ್ನು ಗಮನವಿಟ್ಟು ನೋಡಬೇಕು.

ಬಾಗಲಕೋಟೆ ಜಿಲ್ಲೆಯಲ್ಲಿ ಐಹೊಳೆಯ ದುರ್ಗಾ ಗುಡಿಯನ್ನು ಸುತ್ತಿ ಬನ್ನಿ. ಅದರ ಹಿಂಭಾಗ ಅರ್ಧವೃತ್ತಾಕಾರವಾಗಿದ್ದು, ಸುತ್ತಲೂ ಕಂಬಗಳ ಸಾಲಿದೆ. ನೇರವಾದ ಸಾಲು ಬಾಗುವಲ್ಲಿ ಕಂಬಗಳ ನಡುವಿನ ಅಂತರ ಕಣ್ಣಿಗೆ ಕಿರಿದಾಗುತ್ತ ಹೋಗುವುದನ್ನು ನಿಂತು ಬರೆಯುವುದು ಪರ್ಸ್ಪೆಕ್ಟಿವ್‌ಗೆ, ಅಂದರೆ ದೂರ ಹತ್ತಿರಗಳನ್ನು ಕಣ್ಣಿಗೆ ಕಂಡಂತೆ ಬರೆಯುವುದಕ್ಕೆ, ಬಹಳ ಒಳ್ಳೆಯ ಅಭ್ಯಾಸ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯ ದ್ರಾವಿಡ ವಿಮಾನವೂ (ಗರ್ಭಗುಡಿಯ ಮೇಲಿನ ಗೋಪುರ) ಗಳಗನಾಥ ಗುಡಿಯ ಬಾಗಿದ ರೇಖಾನಾಗರ ಶಿಖರವೂ ಒಂದೇ ಆವರಣದಲ್ಲಿವೆ. ಎರಡರ ಹೊರರೇಖೆಯನ್ನು ಮಾತ್ರ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದರೆ, ಮಟ್ಟಮಟ್ಟವಾಗಿ ಏರುವುದಕ್ಕೂ ಒಂದೇ ಬಾಗಿನಲ್ಲಿ ಏರುವುದಕ್ಕೂ ಇರುವ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಬೆಳಗಾವಿಯವರು ಕೋಟೆಯೊಳಗಿನ ಕಮಲ ಬಸದಿಗೆ ಹೋಗಿ ಅದರ ಛಾವಣಿಯ ಕಮಲವನ್ನು ನೋಡಿಕೊಂಡು, ಕೇಂದ್ರದಿಂದ ಹೊರಕ್ಕೆ ಹರಡುವ ವಿನ್ಯಾಸಗಳನ್ನು ಅಭ್ಯಾಸ ಮಾಡಬಹುದು.

ಸ್ಮಾರಕಗಳಷ್ಟೇ ಸಾಲವು. ಪರೀಕ್ಷೆಯಲ್ಲಿ ಬಸ್ ನಿಲ್ದಾಣ, ಸಂತೆ, ಮಕ್ಕಳ ಆಟದ ಬಯಲು ಮುಂತಾದ ಜನರಿರುವ ದೃಶ್ಯಗಳನ್ನು ನೆನಪಿನಿಂದ ಬರೆಯಲು ಕೇಳಬಹುದು. ಬೆಳಗಾವಿಯ ಖಡೇ ಬಜಾರಿನಲ್ಲಿ ಒಂದು ಬದಿಗೆ ನಿಂತು, ಅಂಗಡಿಗಳ ಛಾವಣಿಗಳ ಗೆರೆಗಳೂ ರಸ್ತೆಯ ಅಂಚುಗಳೂ ದೂರದಲ್ಲಿ ಎಲ್ಲಿ ಕೂಡುತ್ತವೆ ಎಂಬುದನ್ನು ಗುರುತಿಸಿರಿ. ಆ ಬಿಂದು ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲಿಯೇ ಇರುತ್ತದೆ. ಸಮತಟ್ಟಾದ ನೆಲದಲ್ಲಿ ನಿಮ್ಮಷ್ಟೇ ಎತ್ತರದ ಮನುಷ್ಯರು ಹತ್ತಿರವಿರಲಿ ದೂರವಿರಲಿ, ಅವರ ಕಣ್ಣುಗಳು ಅದೇ ಮಟ್ಟದ ಗೆರೆಯ ಮೇಲೆ ಬರುತ್ತವೆ, ಪಾದಗಳು ಮಾತ್ರ ದೂರ ಹೋದಂತೆ ಮೇಲೇರುತ್ತವೆ. ಈ ಒಂದು ನಿಯಮವನ್ನು ಪಾಲಿಸಿದರೆ ಚಿತ್ರದಲ್ಲಿ ಜನ ತೇಲುವುದಿಲ್ಲ. ಹಾಗೆಯೇ ಕೊಡ, ಬಿಂದಿಗೆ, ಡಬ್ಬಗಳನ್ನು ಬರೆಯುವಾಗ ಅವುಗಳ ಬಾಯಿಯ ದೀರ್ಘವೃತ್ತದ ತುದಿಗಳು ಚೂಪಾಗಬಾರದು. ಅದು ಕಣ್ಣಿನ ಮಟ್ಟದಿಂದ ಕೆಳಗಿಳಿದಷ್ಟೂ ಅಗಲವಾಗಬೇಕು. ಮನೆಯ ಅಡುಗೆಮನೆಯ ಪಾತ್ರೆಗಳನ್ನು ದಿನಕ್ಕೊಂದರಂತೆ ಬರೆದರೂ ಸಾಕು. ಫೋಟೋ ನೋಡಿ ಬರೆಯುವ ಚಟಕ್ಕೆ ಬೀಳಬೇಡಿರಿ. ಮೂರು ಆಯಾಮಗಳನ್ನು ಎರಡಕ್ಕೆ ಇಳಿಸುವ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿ ಮುಗಿಸಿರುತ್ತದೆ, ಆದರೆ ಪರೀಕ್ಷೆ ಕೇಳುವುದು ಆ ಕೆಲಸವನ್ನೇ.

ಬಣ್ಣದ ವಿಷಯದಲ್ಲಿ ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ನಿಮ್ಮ ಗುರುಗಳಾಗಲಿ. ಇಳಕಲ್ಲಿನ ನೇಕಾರರು ಕೆಲವೇ ಬಣ್ಣಗಳನ್ನು ಬಳಸಿ, ಒಡಲಿನ ಗಾಢ ಬಣ್ಣಕ್ಕೆ ಎದುರಾಗಿ ಟೋಪ ತೆನಿ ಎಂಬ ವಿನ್ಯಾಸದ ಸೆರಗಿನ ಕೆಂಪು ಬಿಳುಪನ್ನು ನಿಲ್ಲಿಸುತ್ತಾರೆ. ದೊಡ್ಡ ಪ್ರದೇಶಕ್ಕೆ ಒಂದು ಬಣ್ಣ, ಅದರ ಎದುರು ಚಿಕ್ಕ ಪ್ರದೇಶಕ್ಕೆ ತೀಕ್ಷ್ಣವಾದ ಮತ್ತೊಂದು ಬಣ್ಣ, ಎರಡನ್ನೂ ಕೂಡಿಸಲು ಮೂರನೆಯದು: ಈ ಹಂಚಿಕೆಯನ್ನು ಮೊದಲು ಪೆನ್ಸಿಲ್‌ನಲ್ಲಿ ನಸು, ಮಧ್ಯಮ, ಗಾಢ ಎಂದು ವಿಂಗಡಿಸಿಕೊಂಡು ಆಮೇಲೆ ಬಣ್ಣ ತುಂಬಿರಿ. ಪೆಟ್ಟಿಗೆಯಲ್ಲಿರುವ ಎಲ್ಲ ಬಣ್ಣಗಳನ್ನೂ ಬಳಸಿದ ಸಂಯೋಜನೆಗಳು ಸಾಮಾನ್ಯವಾಗಿ ಕಣ್ಣಿಗೆ ನೆಲೆಯನ್ನೇ ಕೊಡುವುದಿಲ್ಲ. ಜೆಇಇ ಪರೀಕ್ಷೆಯಲ್ಲಿ ಜಲವರ್ಣಕ್ಕೆ ಅವಕಾಶವಿಲ್ಲದ ಕಾರಣ ಬಣ್ಣದ ಪೆನ್ಸಿಲ್ ಮತ್ತು ಕ್ರೇಯಾನ್‌ಗಳಲ್ಲಿಯೇ ಕೈ ಪಳಗಿಸಿಕೊಳ್ಳುವುದು ಒಳಿತು.

ಮೂರು ಆಯಾಮದ ಮಾದರಿಗೆ ಹಣ ಖರ್ಚು ಮಾಡಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಗಳ ರಟ್ಟು, ಬೆಂಕಿಪೆಟ್ಟಿಗೆ, ಐಸ್‌ಕ್ರೀಮ್ ಕಡ್ಡಿ, ದಾರ ಇದ್ದರೆ ಸಾಕು. ನೆಟ್ಟಗೆ ನಿಲ್ಲದ ಹಾಳೆ ಒಂದು ಮಡಿಕೆ ಹಾಕಿದ ಕೂಡಲೇ ನಿಲ್ಲುತ್ತದೆ, ಹಲವು ಮಡಿಕೆ ಹಾಕಿದರೆ ತನ್ನ ಮೇಲೆ ಪುಸ್ತಕವನ್ನೂ ಹೊರುತ್ತದೆ. ಅಂಟು ಬಳಸದೆ ಸೀಳು ಮಾಡಿ ಒಂದರೊಳಗೊಂದು ಸಿಕ್ಕಿಸುವುದನ್ನು ಕಲಿಯಿರಿ, ಏಕೆಂದರೆ ಅಂಟು ಒಣಗುವವರೆಗೆ ಕಾಯಲು ಪರೀಕ್ಷೆಯಲ್ಲಿ ಸಮಯವಿರುವುದಿಲ್ಲ.

ಎರಡನೆಯ ಭಾಗದ ತರ್ಕ, ಸಂಖ್ಯಾಸರಣಿ, ಆಕೃತಿಗಳ ಪ್ರತಿಬಿಂಬ ಮೊದಲಾದವುಗಳಿಗೆ ಹಳೆಯ ಪ್ರಶ್ನೆಗಳನ್ನು ಬಿಡಿಸುವುದಕ್ಕಿಂತ ಬೇರೆ ಉಪಾಯವಿಲ್ಲ. ಗಣಿತವನ್ನು ಪಿಯುಸಿ ಪಠ್ಯದಿಂದಲೇ ಚೆನ್ನಾಗಿ ಓದಿಕೊಂಡರೆ ಅದು ಎರಡು ಕಡೆ ಫಲ ಕೊಡುತ್ತದೆ. ಪಿಯುಸಿ ಅಂಕಗಳಿಗೆ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಇರುವುದರಿಂದ, ಚಿತ್ರ ಬರೆಯುವ ಉತ್ಸಾಹದಲ್ಲಿ ಎರಡನೆಯ ವರ್ಷದ ಪಾಠಗಳನ್ನು ಅಲಕ್ಷಿಸುವುದು ದೊಡ್ಡ ನಷ್ಟ.

ಕೊನೆಯ ತಿಂಗಳಲ್ಲಿ ಗಡಿಯಾರವನ್ನು ಎದುರಿಗಿಟ್ಟುಕೊಂಡು, 90 ನಿಮಿಷಗಳ ಮೊದಲ ಭಾಗವನ್ನು ವಾರಕ್ಕೊಮ್ಮೆಯಾದರೂ ಪೂರ್ಣವಾಗಿ ಮಾಡಿರಿ. ಎರಡು ಚಿತ್ರಗಳಿಗೆ ತಲಾ 25 ನಿಮಿಷ, ಮಾದರಿಗೆ 30 ನಿಮಿಷ ಇಟ್ಟುಕೊಂಡರೆ ತಿದ್ದಲು 10 ನಿಮಿಷ ಉಳಿಯುತ್ತದೆ. ನಾಟಾ ಬರೆಯಲು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿರುವುದರಿಂದ ಮೊದಲ ಸಲವೇ ಎಲ್ಲವೂ ಕೈಗೂಡಬೇಕೆಂಬ ಭಯ ಬೇಡ. ಫಲಿತಾಂಶ ಬಂದ ಮೇಲೆ ನಾಟಾ ಅಂಕಗಳನ್ನು ಪರೀಕ್ಷಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನಿಗದಿತ ದಿನಾಂಕದೊಳಗೆ ನಮೂದಿಸುವುದನ್ನು ಮರೆಯಬಾರದು. ಅಂಕ ನಮೂದಾಗದಿದ್ದರೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.