ನೀರು ಬುಡಕ್ಕಲ್ಲ, ನೆರಳಿನ ಅಂಚಿಗೆ ಬಿಡಿ

ಬೆಳಿಗ್ಗೆ ವಾಕಿಂಗ್ ಹೋದರೆ ನಮ್ಮ ಬೀದಿಯಲ್ಲಿ ದಿನಾ ಇದೇ ಕಾಣುತ್ತದೆ. ಪೈಪ್ ಹಿಡಿದು ಮಾವಿನ ಮರದ ಕಾಂಡಕ್ಕೇ ನೀರು ಹೊಡೆಯುತ್ತಿರುತ್ತಾರೆ, ಮರಕ್ಕೆ ಎಣ್ಣೆಸ್ನಾನ ಮಾಡಿಸುವ ಹಾಗೆ. ಬೇಸಿಗೆ ಬಂದರೆ ಟ್ಯಾಂಕರ್‌ಗೆ ದುಡ್ಡು ಸುರಿಯುವ ಬೆಂಗಳೂರಲ್ಲಿ ಇದು ದಂಡ ಅಲ್ವಾ?

ಬುಡದ ದಪ್ಪ ಬೇರಿನ ಕೆಲಸ ಮರವನ್ನು ಹಿಡಿದು ನಿಲ್ಲಿಸುವುದು, ಬಂದ ನೀರನ್ನು ಮೇಲಕ್ಕೆ ಸಾಗಿಸುವುದು. ಹೀರುವುದೆಲ್ಲ ದೂರದ ಎಳೆ ಬೇರುಗಳು. ಮೆಂತ್ಯ ಮೊಳಕೆ ಕಟ್ಟಿದಾಗ ಒಂದೆರಡು ದಿನ ಜಾಸ್ತಿ ಬಿಟ್ಟು ನೋಡಿ, ಬಿಳಿ ಬೇರಿನ ಸುತ್ತ ಹತ್ತಿಯಂಥ ನವಿರು ಕೂದಲು ಬಂದಿರುತ್ತದೆ. ಬೂಷ್ಟು ಅಂತ ನಾನೇ ಎಷ್ಟೋ ಸಲ ಎಸೆದಿದ್ದೇನೆ! ಮರವೂ ಅಂಥದ್ದೇ ಬೇರುಕೂದಲಿಂದ ನೀರು ಕುಡಿಯುತ್ತದೆ. ಈ ಎಳೆ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ಇರುತ್ತವೆ, ಕೊಂಬೆಗಳಿಗಿಂತ ಆಚೆಗೂ ಹರಡಿರುತ್ತವೆ. ಏಪ್ರಿಲ್ 24ರ ಆಸುಪಾಸು ನಮ್ಮೂರಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನೆ. ಆಗ ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಸುತ್ತಲೂ ಪಾತಿ ಮಾಡಿ, ಪೈಪನ್ನು ಸಣ್ಣಗೆ ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ದಿನಾ ಸುಮ್ನೆ ಚಿಮುಕಿಸುವುದಕ್ಕಿಂತ ಅಪರೂಪಕ್ಕೆ ಚೆನ್ನಾಗಿ ನೆನೆಸುವುದು ವಾಸಿ.

ಗೊಬ್ಬರಕ್ಕೂ ಅದೇ ಜಾಗ. ಮಣ್ಣಲ್ಲಿರುವ ಸಾರ ನೀರಲ್ಲಿ ಕರಗಿದರೆ ಮಾತ್ರ ಬೇರಿಗೆ ಸಿಗುತ್ತದೆ, ಅದಕ್ಕೇ ಒಣ ಮಣ್ಣಿಗೆ ಉದುರಿಸಿ ಕೈ ತೊಳೆದುಕೊಂಡರೆ ಏನೂ ಆಗುವುದಿಲ್ಲ. ಜಾಸ್ತಿ ಹಾಕಿದರೆ ಇನ್ನೂ ಕಷ್ಟ. ಒಮ್ಮೆ ಕರಿಬೇವಿಗೆ ಪ್ರೀತಿಯಿಂದ ಎರಡು ಹಿಡಿ ಯೂರಿಯಾ ಸುರಿದೆ, ವಾರದಲ್ಲಿ ಎಲೆಯ ಅಂಚೆಲ್ಲ ಸುಟ್ಟ ಹಾಗಾಯಿತು. ಉಪ್ಪಿನಕಾಯಿಗೆ ಹೆಚ್ಚಿದ ಹೋಳಿಗೆ ಉಪ್ಪು ಬೆರೆಸಿದರೆ ನೀರು ಬಿಡುತ್ತದಲ್ಲ, ಬೇರಿಗೂ ಅದೇ ಗತಿ. ಇರುವ ನೀರನ್ನೂ ಕಳೆದುಕೊಳ್ಳುತ್ತದೆ. ಆಮೇಲಿಂದ ನಾನು ಹೊಂಗೆ ಹಿಂಡಿ, ಹಳೇ ಸಗಣಿ ಗೊಬ್ಬರ ಬಿಟ್ಟು ಬೇರೆ ಮುಟ್ಟಿಲ್ಲ.

ಇನ್ನು ಸಿಮೆಂಟು. ಕೆಸರಾಗುತ್ತದೆ ಅಂತ ಮೇಸ್ತ್ರಿ ಮಾತು ಕೇಳಿ ನಮ್ಮ ಸಂಪಿಗೆ ಮರದ ಕಾಂಡದವರೆಗೂ ಗಾರೆ ಹಾಕಿಸಿದ್ದೆವು. ಬೇರಿಗೂ ಉಸಿರಾಡಬೇಕು, ಗಾಳಿ ಇಲ್ಲದಿದ್ದರೆ ನೀರಿದ್ದರೂ ಹೀರಲಾರದು. ಎರಡು ವರ್ಷಕ್ಕೆ ತುದಿ ಕೊಂಬೆಗಳು ಒಣಗಿದವು, ಕೊನೆಗೆ ಹಾರೆ ಹಿಡಿದು ನಾವೇ ಒಡೆದೆವು. ಈಗ ಅಲ್ಲಿ ಬರೀ ತರಗೆಲೆ, ಒಂದು ಗೇಣು ದಪ್ಪ, ಕಾಂಡಕ್ಕೆ ತಾಗದ ಹಾಗೆ. ಬಿಸಿಲಿಗೂ ಕೆಳಗಿನ ಮಣ್ಣು ತಣ್ಣಗಿರುತ್ತದೆ. ಪಕ್ಕದ ಮನೆಯವರು ಸುಡೋಕೆ ಅಂತ ಗುಡಿಸಿಟ್ಟ ಎಲೆಯನ್ನೂ ಚೀಲ ತೆಗೆದುಕೊಂಡು ಹೋಗಿ ಕೇಳಿ ತರುತ್ತೇನೆ, ನಗುತ್ತಲೇ ಕೊಡುತ್ತಾರೆ.