ಬಿದ್ದ ಮನಿ ಮಣ್ಣು ಎಲ್ಲಿ ಹಾಕೋದು? ಮಳಿಗಿಂತ ಮೊದಲ ಪ್ಲ್ಯಾನ್ ಹೆಂಗ ಮಾಡೋದು

ಮನಿ ಬಿದ್ದ ಮ್ಯಾಲ ಜೆಸಿಬಿ ಸಿಗ್ತೈತಿ, ಟಿಪ್ಪರ್ ಸಿಗ್ತೈತಿ, ಆ ಮಣ್ಣು ಸುರಿಯೋಕ ಜಾಗ ಮಾತ್ರ ಸಿಗೂದಿಲ್ಲ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ, ವರದಾ ತುಂಬಿ ಹಾವೇರಿ ಕಡೆ ಮಣ್ಣಿನ ಮನಿ ಕುಸಿದಿದ್ದು ಎಲ್ಲಾರಿಗೂ ನೆನಪೈತಿ. ಪಾಲಿಕೆ ಇರ್ಲಿ, ಪುರಸಭೆ ಇರ್ಲಿ, ಜಾಗ ಹುಡುಕಿ ಪ್ಲ್ಯಾನ್ ಮಾಡೋ ಕೆಲಸ ಎಪ್ರಿಲ್-ಮೇ ಒಳಗ ಮುಗೀಬೇಕು.

ಮೊದಲು ಜಾಗ. ಹುಬ್ಬಳ್ಳಿಗೆ ಬ್ಯಾರೆ, ಧಾರವಾಡಕ್ಕ ಬ್ಯಾರೆ ನೋಡ್ರಿ, ಒಂದ ಕಡೆ ಇಟ್ರ 20 ಕಿಲೋಮೀಟರ್ ಓಡಾಟಕ್ಕ ಡೀಸೆಲ್ ರೊಕ್ಕ ಹೋಗ್ತೈತಿ. ಗರಸು ನೆಲ, ಅಂದ್ರ ಹಳ್ಳು ಕೂಡಿದ ಗಟ್ಟಿ ನೆಲ ಆಗ್ಬೇಕು. ಎರಿ (ಕಪ್ಪು ಮಣ್ಣಿನ) ಹೊಲ ಬ್ಯಾಸಗ್ಯಾಗ ಗಟ್ಟಿ ಕಾಣ್ತೈತಿ, ಎರಡು ಮಳಿ ಬಿದ್ರ ಟಿಪ್ಪರ್ ಗಾಲಿ ಹೂತು, ಅದನ್ನ ಎಳ್ಯಾಕ ಇನ್ನೊಂದು ಜೆಸಿಬಿ ಬರ್ಬೇಕು. ಕೆರಿ ದಂಡಿ, ಹುಬ್ಬಳ್ಳಿ ಉಣಕಲ್ ನಾಲಾ, ರಾಜಕಾಲುವೆ ಹತ್ರ ಅಂತೂ ಬ್ಯಾಡವೇ ಬ್ಯಾಡ. ಅಲ್ಲಿ ಸುರಿದ ಮಣ್ಣು ನೀರಿಗೆ ಅಡ್ಡ ನಿಂತು ಮುಂದಿನ ಮಳಿಗೆ ನೀರು ಓಣ್ಯಾಗ ಬರ್ತೈತಿ.

ಎಷ್ಟು ಜಾಗ ಬೇಕು ಅನ್ನೋದಕ್ಕ ಒಂದು ಅಂದಾಜು ಲೆಕ್ಕ ಐತಿ: ಉದ್ದ, ಅಗಲ, ಎತ್ತರ ಗುಣಿಸಿ ಮೂರರಾಗ ಒಂದು ಪಾಲು ಹಿಡೀರಿ. 20×30 ಅಡಿ ಮನಿ 10 ಅಡಿ ಎತ್ತರ ಇದ್ರ ಸುಮಾರು 2000 ಘನ ಅಡಿ, ಅಂದ್ರ 20 ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ). ನಮ್ಮ ಮ್ಯಾಳಗಿ (ಮಣ್ಣಿನ ಮಾಳಿಗೆ) ಮನಿಗೆ ಎರಡೆರಡು ಅಡಿ ಗ್ವಾಡಿ, ಮ್ಯಾಲ ಮಣ್ಣು ಬ್ಯಾರೆ, ಹಂಗಾಗಿ 30 ಬ್ರಾಸ್ ಹಿಡದ್ರ ಚೊಲೋ. 20 ಬ್ರಾಸಿನ 50 ಮನಿ ಬಿದ್ರ 1000 ಬ್ರಾಸ್, 10 ಅಡಿ ಎತ್ತರ ಒಟ್ಟಿದ್ರೂ ರಾಶಿಗೇ 9-10 ಗುಂಟೆ, ಗಾಡಿ ತಿರುಗೋಕ, ಬ್ಯಾರೆ ಮಾಡೋಕ ಸೇರಿ ಒಂದು ಎಕರೆ ಬೇಕಾಗ್ತೈತಿ.

ಜೆಸಿಬಿ, ಟಿಪ್ಪರ್, ಟ್ರ್ಯಾಕ್ಟರ್ ರೇಟ್ ಮೊದಲ ಟೆಂಡರ್ ಮಾಡಿ ಇಡ್ರಿ. ಅನಾಹುತ ಆದ ದಿನ ರೇಟ್ ಕೇಳಿದ್ರ ಅವರು ಹೇಳಿದ್ದ ರೇಟು.

ಆದ ದಿನ ಮೊದಲು ದವಾಖಾನಿ, ಫೈರ್ ಸ್ಟೇಷನ್ ರಸ್ತೆ ಬಿಡಿಸ್ಬೇಕು, ಮನಿ ಮಣ್ಣಿಗೆ ಆಮ್ಯಾಲೆ ಕೈ ಹಾಕೋದು. ದೊಡ್ಡ ಕಟ್ಟಡ ಬಿದ್ದು ಒಳಗ ಮಂದಿ ಸಿಕ್ಕೊಂಡಿದ್ರ ಮಾತ್ರ ಕತಿನೇ ಬ್ಯಾರೆ. 2019ರ ಮಾರ್ಚ್ 19ಕ್ಕ ಧಾರವಾಡ ಕುಮಾರೇಶ್ವರ ನಗರದಾಗ ಕಟ್ಟತಿದ್ದ ಬಿಲ್ಡಿಂಗ್ ಬಿದ್ದಾಗ ಎರಡು ದಿನ ದಾಟಿದ ಮ್ಯಾಲೂ ಒಳಗಿಂದ ಜೀವಂತ ಹೊರಗ ಬಂದಾರ, ಅದಕ್ಕ ಎನ್‌ಡಿಆರ್‌ಎಫ್‌ (ಕೇಂದ್ರದ ವಿಪತ್ತು ರಕ್ಷಣಾ ಪಡೆ) ನವರು ಹೂಂ ಅನ್ನೋತನಕ ದೊಡ್ಡ ಮಷೀನ್ ಹಚ್ಚಬಾರ್ದು, ಪೊಲೀಸ್ರ ಪಂಚನಾಮೆ ಮುಗಿಯೋತನಕ ಅವಶೇಷ ಸಾಗಿಸಬಾರ್ದು.

ಇನ್ನ ಮನಿ ಮಾಲಕರ ವಿಷಯ, ಇಲ್ಲೇ ಜಗಳ ಹತ್ತೋದು. ಪರಿಹಾರದ ಸರ್ವೆ ಆಗ್ದ, ಫೋಟೋ ತಗೀದ ಮಣ್ಣು ಎತ್ತಾಕ ಯಾರೂ ಬಿಡೂದಿಲ್ಲ, ಬಿಡಬಾರ್ದು ಕೂಡ. ಹಂಗಾಗಿ ಸರ್ವೆ ಟೀಮ್ ಮುಂದ, ಜೆಸಿಬಿ ಹಿಂದ, ಎರಡೂ ಒಂದ ಪಟ್ಟಿ ಹಿಡಕೊಂಡು ಹೋಗ್ಬೇಕು. ತೊಲಿ, ಕಂಬ, ಬಾಗಿಲ, ಹಂಚು, ಪತ್ರಾ ಇವೆಲ್ಲಾ ಕಸ ಅಲ್ರಿ, ಅವರ ಆಸ್ತಿ, ಹೊಸ ಮನಿಗೆ ಅವನ್ನ ಹಾಕ್ತಾರ. ಎರಡು ದಿನ ಟೈಮ್ ಕೊಟ್ಟು ಆರಿಸ್ಕೊಳ್ಳಾಕ ಬಿಡ್ರಿ. ಹಳೇ ಓಣಿ ಆದ್ರ ಹಗೇವು (ಕಾಳು ತುಂಬಿಡೋ ನೆಲದೊಳಗಿನ ಗುಂಡಿ) ಎಲ್ಲೈತಿ ಅಂತ ಅಲ್ಲಿ ಅಜ್ಜಾರನ್ನ ಕೇಳ್ರಿ, ಇಲ್ಲಂದ್ರ ಜೆಸಿಬಿನೇ ಒಳಗ ಇಳೀತೈತಿ.

ಯಾರ್ಡ್‌ಗೆ, ಅಂದ್ರ ಮಣ್ಣು ಸುರಿಯೋ ಜಾಗಕ್ಕ ಬಂದದ್ದನ್ನ ಕಾಂಕ್ರೀಟ್, ಮಣ್ಣು, ಇಟ್ಟಂಗಿ-ಗಾರೆ, ಕಬ್ಬಿಣ-ಕಟಗಿ-ಪ್ಲಾಸ್ಟಿಕ್ ಅಂತ ನಾಕು ರಾಶಿ ಮಾಡ್ರಿ, ಕಟ್ಟಡ ತ್ಯಾಜ್ಯದ 2016ರ ನಿಯಮದಾಗ ಇದ್ದ ವಿಂಗಡಣೆ ಇದು. ಸಿಲಿಂಡರ್, ಬ್ಯಾಟರಿ, ಔಷಧ ಹೊಡಿಯೋ ಡಬ್ಬಿ ಬ್ಯಾರೆ ಇಡ್ರಿ. ಸಿಮೆಂಟ್ ಶೀಟ್‌ನ್ಯಾಗ ಆಸ್ಬೆಸ್ಟಾಸ್ ಇರ್ತೈತಿ, ಒಡೀದ, ನೀರು ಹೊಡದು, ದಪ್ಪ ಪ್ಲಾಸ್ಟಿಕ್‌ನ್ಯಾಗ ಸುತ್ರಿ. ಒಡದ ಕಾಂಕ್ರೀಟ್ ಪುಡಿ ಮಾಡಿ ರಸ್ತೆ ತಳಕ್ಕ ಹಾಕಬಹುದು.

ಬಿಲ್ ಮಾಡುವಾಗ ತಾಸಿನ ಲೆಕ್ಕ ಬ್ಯಾಡ, ಬ್ರಾಸ್ ಲೆಕ್ಕ ಹಿಡೀರಿ, ಮನಿ ಕಡೆ ಒಂದು ಸಹಿ, ಯಾರ್ಡ್ ಗೇಟ್‌ನ್ಯಾಗ ಒಂದು ಸಹಿ, ಎರಡೂ ಇಲ್ಲದ ಟ್ರಿಪ್‌ಗೆ ರೊಕ್ಕ ಇಲ್ಲ.